ಐದನೇ ಮಹಡಿಗೆ ನಲವತ್ತು ಸೆಕೆಂಡು

ಜೂನ್ 14, 1997

ವಿದ್ಯಾರ್ಥಿ ಸಂಖ್ಯೆ 417 ಅವರಿಗೆ,

ನಿಮ್ಮ ಎರಡನೇ ಪಾಠದ ಉತ್ತರವನ್ನು ತಿದ್ದಿ ಇದರೊಂದಿಗೆ ಕಳಿಸಿದ್ದೇನೆ. ಹತ್ತಕ್ಕೆ ನಾಲ್ಕು ಅಂಕ. ಬೇಸರ ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

‘ನಿಮ್ಮ ಕಚೇರಿಯ ಒಂದು ದಿನ’ದ ಬಗ್ಗೆ ಬರೆಯಲು ಕೇಳಿದ್ದೆವು. ಸಂಪಾದಕರು ಯಾವ ಕೈಯಲ್ಲಿ ಚೀಲ ಹಿಡಿಯುತ್ತಾರೆ, ಜಾಹೀರಾತು ವಿಭಾಗದವರು ನಗುತ್ತಾ ಬಂದು ಸಂಜೆ ಹೇಗೆ ಮುಖ ಇಳಿಬಿಟ್ಟುಕೊಂಡು ಹೋಗುತ್ತಾರೆ, ಮಾತಿನ ನಡುವೆ ನಿಂತು ನಿಂತು ಉಸಿರು ತೆಗೆದುಕೊಳ್ಳುವ ಪ್ರೂಫ್ ರೂಮಿನ ಮುಖ್ಯಸ್ಥರಿಗೆ ‘ಅಲ್ಪವಿರಾಮ’ ಎಂಬ ಅಡ್ಡಹೆಸರು ಹೇಗೆ ಬಂತು, ಎಲ್ಲವನ್ನೂ ಚೆನ್ನಾಗಿ ಗಮನಿಸಿದ್ದೀರಿ. ಆದರೆ ಅಷ್ಟು ಹೊತ್ತೂ ನೀವೇನು ಮಾಡುತ್ತಿದ್ದಿರಿ? ಮೂರು ಪುಟ ಹುಡುಕಿದರೂ ನೀವು ನನಗೆ ಸಿಗಲಿಲ್ಲ.

ಅರ್ಜಿಯಲ್ಲಿ ಉದ್ಯೋಗ ಎಂಬಲ್ಲಿ ‘ದಿನಪತ್ರಿಕೆ ಕಚೇರಿ, ಇಪ್ಪತ್ತೊಂದು ವರ್ಷ’ ಎಂದು ಬರೆದಿದ್ದೀರಿ. ಅಷ್ಟು ಅನುಭವ ಇರುವವರಿಗೆ ಸುದ್ದಿಯ ತಿರುಳು ಮೊದಲ ಸಾಲಿನಲ್ಲಿರಬೇಕು ಎಂದು ನಾನು ಹೇಳಿಕೊಡಬೇಕೇ? ನಾನೂ ಹತ್ತೊಂಬತ್ತು ವರ್ಷ ಸುದ್ದಿಮನೆಯಲ್ಲಿ ಬೆನ್ನು ಬಗ್ಗಿಸಿದವಳು. ಬಡ್ತಿಯ ಆಸೆಗೆ ಅಂಚೆ ತೆರಪಿನ ಪತ್ರಿಕೋದ್ಯಮ ಕೋರ್ಸು ಸೇರಿ, ಪಾಠದ ಹಾಳೆಯನ್ನೇ ಬಿಚ್ಚದೆ ಉತ್ತರ ಗೀಚುವ ಹಿರಿಯರನ್ನು ಬೇಕಾದಷ್ಟು ನೋಡಿದ್ದೇನೆ. ನೀವು ಆ ಸಾಲಿಗೆ ಸೇರಬೇಡಿ.

ಮೌಲ್ಯಮಾಪಕಿ

*

ಜೂನ್ 27, 1997

ಮಾನ್ಯ ಮೇಡಂ,

ನಾಲ್ಕು ಅಂಕ ಕೊಟ್ಟಿದ್ದಕ್ಕೆ ಬೇಸರವಿಲ್ಲ. ಸೊನ್ನೆ ಬರುತ್ತದೆ ಎಂದುಕೊಂಡಿದ್ದೆ. ಪಾಠದ ಹಾಳೆಗಳನ್ನು ಎರಡೆರಡು ಸಲ ಓದಿದ್ದೇನೆ. ನನ್ನ ಹೆಂಡತಿ ಬಟ್ಟೆ ಹೊಲಿಯುವಾಗ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದುತ್ತೇನೆ. ಹಾಗಾಗಿ ಅವಳಿಗೂ ಅರ್ಧ ಕೋರ್ಸು ಆಗಿದೆ.

ನನ್ನ ಕೆಲಸದ ಬಗ್ಗೆ ಬರೆಯುವಂಥದ್ದು ಹೆಚ್ಚೇನಿಲ್ಲ. ಜನರನ್ನು ಮೇಲಕ್ಕೆ ಏರಿಸುವುದು, ಕೆಳಕ್ಕೆ ಇಳಿಸುವುದು, ಇಷ್ಟೇ. ಅದಕ್ಕೇ ಬಿಟ್ಟೆ.

ಮೂರನೇ ಪಾಠದಲ್ಲಿ ‘ಯಾವುದು ಸುದ್ದಿ’ ಎಂದು ಕೇಳಿದ್ದೀರಿ. ಅದರ ಬಗ್ಗೆ ನನ್ನದೊಂದು ಸಂದೇಹವಿದೆ. ಈ ತಿಂಗಳ ಇಪ್ಪತ್ತನೇ ತಾರೀಖು ನಮ್ಮ ಮ್ಯಾನೇಜರರು ಇನ್ನೊಬ್ಬ ಅಧಿಕಾರಿಯ ಜೊತೆ ನನ್ನ ಎದುರಿಗೇ ಮಾತಾಡಿಕೊಂಡರು. “ಮೊದಲು ಪ್ರೂಫ್ ರೂಮು. ಒಟ್ಟು ಎಂಟು ಜನ. ಅಕ್ಟೋಬರ್ ಕೊನೆಗೆ ಮುಗಿಸಿಬಿಡೋಣ. ಈಗಲೇ ಯಾರಿಗೂ ಗೊತ್ತಾಗೋದು ಬೇಡ.” ಅಲ್ಲಿ ನಾನೂ ಇದ್ದೇನೆ ಎಂಬುದು ಅವರ ಗಮನಕ್ಕೆ ಬರಲಿಲ್ಲ. ಪ್ರೂಫ್ ರೂಮಿನಲ್ಲಿ ಏಳು ಜನ ಇದ್ದಾರೆ. ಹೆರಿಗೆ ರಜೆಯಲ್ಲಿರುವ ಹೆಣ್ಣುಮಗಳನ್ನೂ ಸೇರಿಸಿದರೆ ಸರಿಯಾಗಿ ಎಂಟು. ಅವರಲ್ಲಿ ಯಾರಿಗೂ ಇದರ ಸುಳಿವಿಲ್ಲ. ಅಲ್ಪವಿರಾಮದವರು ಮೊನ್ನೆ ತಾನೇ ತಮ್ಮ ಕುರ್ಚಿಗೆ ಹೊಸ ಬೆತ್ತ ಹೆಣೆಸಿಕೊಂಡರು.

ಕಿವಿಗೆ ಬಿದ್ದದ್ದು ಸುದ್ದಿಯೇ, ಮೇಡಂ?

ವಿದ್ಯಾರ್ಥಿ 417

*

ಜುಲೈ 9, 1997

ವಿದ್ಯಾರ್ಥಿ 417 ಅವರಿಗೆ,

ಕಿವಿಗೆ ಬಿದ್ದದ್ದು ಸುದ್ದಿಯಲ್ಲ, ಸುದ್ದಿಯ ಬಾಲ. ಬಾಲ ಹಿಡಿದು ತಲೆ ಹುಡುಕಬೇಕು. ಅದಕ್ಕೆ ಇರುವುದು ಒಂದೇ ದಾರಿ: ಸಂಬಂಧಪಟ್ಟವರನ್ನು ನೇರವಾಗಿ ಕೇಳುವುದು. ಆಮೇಲೆ, ಅವರಿಗೆ ಸಂಬಂಧವಿಲ್ಲದ ಇನ್ನೊಬ್ಬರಿಂದ ಅದೇ ವಿಷಯವನ್ನು ಖಚಿತ ಮಾಡಿಕೊಳ್ಳುವುದು.

ನಿಮ್ಮ ಪತ್ರ ಓದಿ ಸ್ವಲ್ಪ ಸಿಟ್ಟು ಬಂತು, ಹೇಳಿಬಿಡುತ್ತೇನೆ. ಜನರನ್ನು ಏರಿಸುವ, ಇಳಿಸುವ ಅಧಿಕಾರ ಕೈಯಲ್ಲಿರುವವರು ನೀವು. ಅಂದರೆ ಸಿಬ್ಬಂದಿ ವಿಭಾಗದಲ್ಲಿ ಹಿರಿಯ ಹುದ್ದೆಯೇ ಇರಬೇಕು. ಎಂಟು ಮನೆಗಳ ಅನ್ನದ ಪ್ರಶ್ನೆಯನ್ನು ನಿಮ್ಮೆದುರೇ ಮಾತಾಡುತ್ತಾರೆ, ನೀವು ‘ಗಮನಕ್ಕೆ ಬರಲಿಲ್ಲ’ ಎಂದು ಮೂಲೆ ಸೇರುತ್ತೀರಿ! ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವವರಿಗೆ ಈ ಕಸುಬು ಒಗ್ಗುವುದಿಲ್ಲ. ಮ್ಯಾನೇಜರರ ಕೋಣೆಯ ಬಾಗಿಲು ತಟ್ಟಿ ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಕಳಿಸಿ. ಇದೇ ನಿಮ್ಮ ನಾಲ್ಕನೇ ಪಾಠದ ಅಭ್ಯಾಸ ಎಂದುಕೊಳ್ಳಿ.

ಮೌಲ್ಯಮಾಪಕಿ

*

ಜುಲೈ 30, 1997

ಮಾನ್ಯ ಮೇಡಂ,

ಕೇಳಿದೆ. ಮೂರು ವಾರ ಹಿಡಿಯಿತು, ಕ್ಷಮಿಸಿ. ಅವರು ಒಬ್ಬರೇ ಸಿಗಬೇಕಿತ್ತು.

ನೆನ್ನೆ ಊಟದ ನಂತರ ಮ್ಯಾನೇಜರರು ಐದನೇ ಮಹಡಿಗೆ ಹೊರಟಿದ್ದರು. ಬಾಗಿಲು ಮುಚ್ಚಿತು.

“ಸಾರ್, ಒಂದು ಮಾತು ಕೇಳ್ಲಾ?”

“ಏನಯ್ಯಾ, ರಜಾ ಬೇಕಾ?”

“ಅಲ್ಲ ಸಾರ್. ಪ್ರೂಫ್ ರೂಮಿನವರನ್ನ ಅಕ್ಟೋಬರ್ ಕೊನೆಗೆ ತೆಗೀತೀರಂತೆ, ಎಂಟು ಜನಾನ. ನಿಜಾನಾ?”

ಅವರು ಬಾಗಿಲ ಮೇಲಿನ ಸಂಖ್ಯೆಗಳನ್ನೇ ನೋಡುತ್ತಾ ನಿಂತರು. ಎರಡು ಹೋಯಿತು, ಮೂರು ಹೋಯಿತು.

“ಯಾರು ಹೇಳಿದ್ದು ನಿಂಗೆ?”

“ನೀವೇ ಸಾರ್. ಜೂನ್ ಇಪ್ಪತ್ತು, ಇದೇ ಲಿಫ್ಟಲ್ಲಿ.”

ಆಗ ನನ್ನ ಮುಖ ನೋಡಿದರು. ಅದೂ ಒಂದೇ ಕ್ಷಣ. “ಎಂಟೋ ಹತ್ತೋ, ನಿಂಗ್ಯಾಕಯ್ಯಾ ಊರ ಉಸಾಬರಿ? ಬಟನ್ ಒತ್ತು” ಎಂದರು. ಬಟನ್ ಒತ್ತಿಯಾಗಿತ್ತು ಮೇಡಂ.

ಈಗ ನಿಮಗೆ ಅರ್ಥವಾಗಿರುತ್ತದೆ. ನಾನು ಲಿಫ್ಟ್ ನಡೆಸುವವನು. ಏರಿಸುವುದು ಇಳಿಸುವುದು ಅಂದದ್ದು ಸುಳ್ಳಲ್ಲ, ಆದರೆ ನೀವು ಅದನ್ನು ಬೇರೆ ತಿಳಿದುಕೊಂಡಿದ್ದು ಗೊತ್ತಾದ ಮೇಲೂ ಸುಮ್ಮನಿದ್ದೆ. ಒಬ್ಬರು ನನ್ನನ್ನು ಅಧಿಕಾರಿ ಎಂದು ತಿಳಿದು ಬೈದರೆ ಅದರಲ್ಲೂ ಒಂದು ಸುಖವಿತ್ತು.

ಯಾಕೆ ಈ ಕೋರ್ಸು ಎಂದು ಕೇಳುತ್ತೀರೇನೋ. ಲಿಫ್ಟಿನಲ್ಲಿ ಎಲ್ಲರ ಮಾತೂ ಅರ್ಧಕ್ಕೆ ಇಳಿದುಹೋಗುತ್ತದೆ. ಯಾರದೋ ತಾಯಿಗೆ ಆಪರೇಷನ್ ಅಂತಾರೆ, ಮೂರನೇ ಮಹಡಿ ಬರುತ್ತದೆ, ಹೊರಟುಹೋಗುತ್ತಾರೆ. ಆ ತಾಯಿ ಏನಾದರು? ಇಪ್ಪತ್ತೊಂದು ವರ್ಷದಿಂದ ನನ್ನ ಹತ್ತಿರ ಬರೀ ಅರ್ಧರ್ಧ ಮಾತು. ಉಳಿದರ್ಧ ಹುಡುಕುವುದು ಹೇಗೆ ಎಂದು ಕಲಿಯೋಣವೆಂದು ಸೇರಿದೆ. ನಿಮಗೆ ತಿದ್ದಲು ಇಷ್ಟವಿಲ್ಲದಿದ್ದರೆ ತಿಳಿಸಿ.

417

*

ಆಗಸ್ಟ್ 4, 1997

417 ಅವರಿಗೆ,

ನಿಮ್ಮ ಪತ್ರ ಬಂದ ದಿನವೇ ಬರೆಯುತ್ತಿದ್ದೇನೆ. ಕುರ್ಚಿಯಲ್ಲಿ ಕೂತು ‘ಬಾಗಿಲು ತಟ್ಟಿ’ ಎಂದು ಉಪದೇಶ ಮಾಡುವುದು ಸುಲಭ. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ನಮ್ಮ ಮ್ಯಾನೇಜರರನ್ನು ಇಂಥದ್ದೊಂದು ಪ್ರಶ್ನೆ ನಾನು ಕೇಳಿದವಳಲ್ಲ. ನನ್ನನ್ನು ಕ್ಷಮಿಸಿ.

ಹತ್ತಕ್ಕೆ ಒಂಬತ್ತು. ‘ಬಟನ್ ಒತ್ತಿಯಾಗಿತ್ತು’ ಎಂಬಲ್ಲಿ ನಿಲ್ಲಿಸಬೇಕಿತ್ತು, ಅದಕ್ಕೆ ಒಂದು ಕಡಿಮೆ.

ಅವರು ಇಲ್ಲ ಎನ್ನಲಿಲ್ಲ, ಗಮನಿಸಿದಿರಾ? ಆದರೆ ಅಲ್ಲಗಳೆಯದಿರುವುದು ಒಪ್ಪಿದಂತಲ್ಲ. ಇನ್ನೊಂದು ಮೂಲ ಬೇಕು. ಅದು ಸಿಕ್ಕ ಮೇಲೆ ಅಲ್ಪವಿರಾಮದವರ ಕಿವಿಯಲ್ಲಿ ಪಿಸುಗುಟ್ಟಬೇಡಿ. ಪಿಸುಮಾತು ಮೂರನೇ ಕಿವಿ ತಲುಪುವಷ್ಟರಲ್ಲಿ ಚಾಡಿ ಆಗಿಬಿಡುತ್ತದೆ. ಬರೆಯಿರಿ, ನಾಲ್ಕು ಜನರ ಎದುರಿಗಿಡಿ, ನಿಮ್ಮ ಹೆಸರು ಹಾಕಿ. ಪ್ರಕಾಶನ ಅಂದರೆ ಇಷ್ಟೇ. ಉಳಿದದ್ದೆಲ್ಲ ಕಾಗದ, ಮಸಿ. ಆದರೆ ನಿಮ್ಮ ಕೆಲಸಕ್ಕೆ ಕುತ್ತು ಬರಬಹುದು. ಮನೆಯವರ ಹತ್ತಿರ ಕೂತು ಮಾತಾಡಿ, ಆಮೇಲೆ ನಿರ್ಧರಿಸಿ. ಬೇಡವೆಂದರೂ ನಾನು ಅಂಕ ಕಡಿಮೆ ಮಾಡುವುದಿಲ್ಲ.

ಐದನೇ ಪಾಠವನ್ನು ಕೈಬರಹದಲ್ಲೇ ಕಳಿಸಿದ್ದೇನೆ. ಸಂಸ್ಥೆಯಲ್ಲಿ ಅಚ್ಚಿನ ಕೆಲಸ ತಡವಾಗಿದೆ.

ಮೌಲ್ಯಮಾಪಕಿ

*

ಆಗಸ್ಟ್ 24, 1997

ಮೇಡಂ,

ಇನ್ನೊಂದು ಮೂಲ ಸಿಕ್ಕಿತು. ಪಟ್ಟಿ ಟೈಪ್ ಮಾಡಿದ ಟೈಪಿಸ್ಟ್ ಅಮ್ಮನನ್ನು ಕೇಳಿದೆ. “ಹೌದಪ್ಪಾ, ಎಂಟು ಹೆಸರು. ಯಾರ‍್ಯಾರು ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸಬೇಡ” ಎಂದರು. ಹೇಳುವಾಗ ನನ್ನನ್ನೇ ನೋಡಿ ಕಣ್ಣು ಒರೆಸಿಕೊಂಡರು. ಸಹೋದ್ಯೋಗಿಗಳ ಮೇಲೆ ಎಷ್ಟು ಕರುಳು ಎಂದುಕೊಂಡೆ.

ಹೆಂಡತಿಯನ್ನೂ ಕೇಳಿದೆ. ಮಷೀನು ನಿಲ್ಲಿಸಿದಳು. “ನಾಳೆ ಅವರೆಲ್ಲ ಬೀದಿಗೆ ಬಿದ್ದ ಮೇಲೆ, ಮೊದಲೇ ಗೊತ್ತಿತ್ತು ಅಂತ ನೀವು ಮನೇಲಿ ಮುಖ ಸಣ್ಣ ಮಾಡ್ಕೊಂಡು ಕೂರೋದನ್ನ ನನ್ ಕೈಲಿ ನೋಡಕ್ಕಾಗಲ್ಲ. ಹಾಕಿ” ಎಂದಳು.

ಎಲ್ಲಿ ಹಾಕುವುದು? ನನಗಿರುವುದು ಒಂದೇ ಜಾಗ. ಲಿಫ್ಟಿನ ಒಳಗೋಡೆ. ಕೆಳಗಿನಿಂದ ಐದನೇ ಮಹಡಿಗೆ ನಲವತ್ತು ಸೆಕೆಂಡು. ಅಷ್ಟರೊಳಗೆ ಓದಿ ಮುಗಿಯಬೇಕು. ಮೊದಲು ಬರೆದದ್ದನ್ನು ಹೆಂಡತಿ ಗಡಿಯಾರ ಇಟ್ಟುಕೊಂಡು ಓದಿದಳು. ಅರವತ್ತೊಂದು ಸೆಕೆಂಡು. “ಉದ್ದ ಬಿಟ್ಟಿದೀರಿ. ಸೊಂಟದ ಹತ್ರ ಕತ್ತರಿಸಿ” ಎಂದಳು. ‘ವಿಷಾದದ ಸಂಗತಿ’ ಹೋಯಿತು. ‘ಬಲ್ಲ ಮೂಲಗಳ ಪ್ರಕಾರ’ ಹೋಯಿತು. ಕಡೆಗೆ ಉಳಿದದ್ದು ಇಷ್ಟು:

‘ಪ್ರೂಫ್ ರೂಮಿನ ಎಂಟು ಜನರನ್ನು ಅಕ್ಟೋಬರ್ ಕೊನೆಗೆ ಕೆಲಸದಿಂದ ತೆಗೆಯಲು ಆಡಳಿತ ನಿರ್ಧರಿಸಿದೆ. ಈ ಮಾತನ್ನು ಮ್ಯಾನೇಜರರು ಜೂನ್ 20ರಂದು ಈ ಲಿಫ್ಟಿನಲ್ಲಿ ಆಡಿದರು. ಜುಲೈ 29ರಂದು ಕೇಳಿದಾಗ ನಿರಾಕರಿಸಲಿಲ್ಲ. ಎಂಟು ಹೆಸರುಗಳ ಪಟ್ಟಿ ಸಿದ್ಧವಾಗಿದೆ ಎಂದು ಅದನ್ನು ಕಂಡವರೊಬ್ಬರು ಖಚಿತಪಡಿಸಿದ್ದಾರೆ. ಸಂಬಂಧಪಟ್ಟವರಿಗೆ ಇನ್ನೂ ತಿಳಿಸಿಲ್ಲ.’

ಕೆಳಗೆ ನನ್ನ ಹೆಸರು, ‘ಲಿಫ್ಟ್ ಆಪರೇಟರ್’.

ಮೊನ್ನೆ ಬೆಳಿಗ್ಗೆ ಅಂಟಿಸಿದೆ. ಮೊದಲು ಬಂದ ನಾಲ್ವರು ಎಂದಿನಂತೆ ಮಾತಾಡುತ್ತಾ ಹತ್ತಿದರು. ಎರಡನೇ ಮಹಡಿ ದಾಟುವಷ್ಟರಲ್ಲಿ ಲಿಫ್ಟಿನಲ್ಲಿ ಫ್ಯಾನಿನ ಸದ್ದು ಮಾತ್ರ. ಅಲ್ಪವಿರಾಮದವರು ಬಂದರು, ಕನ್ನಡಕ ಏರಿಸಿ ಓದಿದರು. ಐದನೇ ಮಹಡಿ ಬಂದರೂ ಇಳಿಯಲಿಲ್ಲ. “ಮತ್ತೆ ಕೆಳಗೆ, ಹೋಗೋಣಪ್ಪಾ. ಇನ್ನೊಂದ್ಸಲ, ಓದ್ಬೇಕು” ಎಂದರು. ಮೂರು ಸಲ ಹತ್ತಿ ಇಳಿದೆವು. ಆಮೇಲೆ “ತಪ್ಪು, ಒಂದೂ ಇಲ್ಲ” ಎಂದರು. ಅಕ್ಷರದ ತಪ್ಪು ನೋಡುತ್ತಿದ್ದರೋ ಏನೋ.

ಮಧ್ಯಾಹ್ನ ಪ್ರೂಫ್ ರೂಮಿನವರೆಲ್ಲ ಒಟ್ಟಾಗಿ ಮ್ಯಾನೇಜರರ ಕೋಣೆಗೆ ಹೋದರು. ಹಾಳೆಯನ್ನು ಯಾರೋ ಕಿತ್ತುಹಾಕಿದರು. ಅಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು.

417

*

ಸೆಪ್ಟೆಂಬರ್ 1, 1997

ಮೇಡಂ,

ನಿಮ್ಮ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ. ನನ್ನ ವರದಿಯಲ್ಲಿ ತಪ್ಪಿತ್ತು.

ನೆನ್ನೆ ಪಟ್ಟಿಯನ್ನು ಅಧಿಕೃತವಾಗಿ ಹೊರಗೆ ಹಾಕಿದರು. ಪ್ರೂಫ್ ರೂಮಿನಿಂದ ಏಳು ಹೆಸರು ಮಾತ್ರ. ಹೆರಿಗೆ ರಜೆಯಲ್ಲಿರುವಾಕೆ ಅದರಲ್ಲಿಲ್ಲ. ಎಂಟನೆಯ ಹೆಸರು ನನ್ನದು. ಲಿಫ್ಟಿಗೆ ತಾನೇ ನಡೆಯುವ ಯಂತ್ರ ಕೂರಿಸುತ್ತಾರಂತೆ.

ನಾನು ಹಾಳೆ ಅಂಟಿಸಿದ್ದಕ್ಕೆ ಸೇಡು ಎಂದು ಕೆಲವರು ಕೂಗಾಡಿದರು. ಅಲ್ಲ, ಪಟ್ಟಿಯ ಮೇಲಿದ್ದದ್ದು ಜೂನ್ ತಿಂಗಳ ತಾರೀಖು. ಅಂದು ಲಿಫ್ಟಿನಲ್ಲಿ ಮ್ಯಾನೇಜರರೂ ಆ ಅಧಿಕಾರಿಯೂ ಮಾತಾಡಿಕೊಂಡದ್ದು ನನ್ನ ವಿಷಯವೇ, ನನ್ನ ಮುಂದೆಯೇ. ಟೈಪಿಸ್ಟ್ ಅಮ್ಮ ಕಣ್ಣೊರೆಸಿಕೊಂಡದ್ದು ಯಾರಿಗಾಗಿ ಎಂದು ನೆನ್ನೆ ತಿಳಿಯಿತು. ನನ್ನ ಎರಡೂ ಮೂಲಗಳು ನಿಜವನ್ನೇ ಹೇಳಿದ್ದವು ಮೇಡಂ. ಎಂಟೂ ಜನ ಪ್ರೂಫ್ ರೂಮಿನವರು ಎಂದು ಯಾರೂ ಹೇಳಿರಲಿಲ್ಲ. ಅದನ್ನು ಸೇರಿಸಿದವನು ನಾನು. ಎಲ್ಲರನ್ನೂ ಎಣಿಸಿ ನನ್ನನ್ನು ಬಿಟ್ಟೆ.

ತಪ್ಪು ಕಂಡ ಕೂಡಲೇ ಅದೇ ಜಾಗದಲ್ಲಿ, ಅದೇ ಗಾತ್ರದಲ್ಲಿ ತಿದ್ದುಪಡಿ ಹಾಕಬೇಕೆಂದು ನಿಮ್ಮ ಐದನೇ ಪಾಠದಲ್ಲಿದೆ. ಇಂದು ಬೆಳಿಗ್ಗೆ ಅಂಟಿಸಿದೆ: ‘ತಿದ್ದುಪಡಿ. ಕೆಲಸ ಕಳೆದುಕೊಳ್ಳುವ ಪ್ರೂಫ್ ರೂಮಿನವರು ಎಂಟಲ್ಲ, ಏಳು. ಎಂಟನೆಯವನು ಈ ವರದಿಗಾರ. ಹೆರಿಗೆ ರಜೆಯಲ್ಲಿರುವವರ ಮನೆಯವರಿಗೆ ಆದ ಆತಂಕಕ್ಕೆ ವಿಷಾದಿಸುತ್ತೇನೆ.’

ಇದನ್ನು ಯಾರೂ ಕೀಳಲಿಲ್ಲ.

417

*

ಸೆಪ್ಟೆಂಬರ್ 10, 1997

ಆತ್ಮೀಯರೇ,

ಎರಡೂ ಪತ್ರಗಳನ್ನು ಒಟ್ಟಿಗೆ ಓದಿದೆ. ಎರಡನೆಯದನ್ನು ನನ್ನ ಅಕ್ಕನಿಗೆ ಓದಿ ಹೇಳಿದೆ. ಅಂಕ ಹಾಕಿಲ್ಲ. ಇದಕ್ಕೆ ಹಾಕುವಷ್ಟು ದೊಡ್ಡವಳು ನಾನಲ್ಲ.

ಹೆದರಬೇಡಿ. ನಿಮ್ಮಂಥ ಕೈ ಎಲ್ಲಾದರೂ ಕೆಲಸಕ್ಕೆ ಬಂದೇ ಬರುತ್ತದೆ. ಆರನೇ ಪಾಠ ಇದರಲ್ಲಿದೆ, ಪುಸ್ತಕದ ಪ್ರೂಫ್ ನೋಡುವ ಕ್ರಮ. ಇದೂ ಕೈಬರಹದಲ್ಲೇ ಇದೆ. ಅಭ್ಯಾಸವನ್ನು ಬೇಗ ಮುಗಿಸಿ ಕಳಿಸಿ.

ನಿಮ್ಮ ಮೌಲ್ಯಮಾಪಕಿ

*

ಸೆಪ್ಟೆಂಬರ್ 29, 1997

ಮಾನ್ಯ ಮೇಡಂ,

ಅಲ್ಪವಿರಾಮದವರಿಗೆ ಶಾಲಾಪುಸ್ತಕ ಅಚ್ಚು ಹಾಕುವ ಮುದ್ರಣಾಲಯದಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಪ್ರೂಫ್ ತಿದ್ದುವವರ ಎದುರು ಕೂತು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವವರು ಬೇಕಂತೆ. ನನ್ನ ಹೆಸರು ಹೇಳಿದ್ದಾರೆ. ಕೋರ್ಸು ಓದುತ್ತಿದ್ದೇನೆ ಎಂಬುದಕ್ಕೆ ಒಂದು ಪತ್ರ ಇದ್ದರೆ ಒಳ್ಳೆಯದು ಎಂದರು. ಉತ್ತರಗಳನ್ನು ಕಳಿಸುವ ನಿಮ್ಮ ಮನೆಯ ವಿಳಾಸಕ್ಕಲ್ಲ, ಸಂಸ್ಥೆಗೇ ಬರೆದೆ.

ನನ್ನ ಲಕೋಟೆ ಹಾಗೆಯೇ ವಾಪಸು ಬಂತು. ಮೇಲೆ ಅಂಚೆಯವರ ಬರಹ: ‘ಸಂಸ್ಥೆ ಜುಲೈನಲ್ಲಿ ಮುಚ್ಚಿದೆ.’

ನೀವೇ ಕಲಿಸಿದಂತೆ, ಸಂಬಂಧಪಟ್ಟವರನ್ನು ನೇರವಾಗಿ ಕೇಳುತ್ತಿದ್ದೇನೆ. ಸಂಸ್ಥೆ ಮುಚ್ಚಿದ್ದು ನಿಮಗೆ ಯಾವಾಗ ಗೊತ್ತಾಯಿತು? ಐದು, ಆರನೇ ಪಾಠಗಳನ್ನು ಬರೆದವರು ಯಾರು? ನನಗೇಕೆ ಹೇಳಲಿಲ್ಲ?

417

*

ಅಕ್ಟೋಬರ್ 6, 1997

417 ಅವರಿಗೆ,

ಕೇಳಿದ ಕ್ರಮದಲ್ಲೇ ಉತ್ತರಿಸುತ್ತೇನೆ.

ಸಂಸ್ಥೆ ಮುಚ್ಚಿದ್ದು ನನಗೆ ಗೊತ್ತಾದದ್ದು ಜುಲೈ 21ರಂದು. ನಾನು ಸಂಸ್ಥೆಗೆ ಕಳಿಸಿದ್ದ ಅಂಕಪಟ್ಟಿ, ನಿಮ್ಮ ಲಕೋಟೆಯಂತೆಯೇ, ಅದೇ ಬರಹ ಹೊತ್ತು ಮನೆಗೆ ಬಂತು. ಅವರು ನನಗೊಂದು ಸಾಲನ್ನೂ ಬರೆದಿರಲಿಲ್ಲ. ಐದು, ಆರನೇ ಪಾಠಗಳನ್ನು ಬರೆದವಳು ನಾನೇ. ಅಚ್ಚಿನ ಕೆಲಸ ತಡವಾಗಿದೆ ಎಂದದ್ದು ಸುಳ್ಳು.

ಯಾಕೆ ಹೇಳಲಿಲ್ಲ? ಹೇಳಿದರೆ ನೀವು ಓದು ನಿಲ್ಲಿಸುತ್ತೀರಿ, ಅದು ನಿಮಗೆ ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ನನ್ನ ಪಾಲಿಗೆ ಹನ್ನೊಂದು ವಿದ್ಯಾರ್ಥಿಗಳಿದ್ದರು. ಹತ್ತು ಜನ ಮೊದಲ ಪಾಠಕ್ಕೇ ಕೈಬಿಟ್ಟಿದ್ದರು. ಅಂಚೆಯವನು ನಮ್ಮ ಮನೆಯ ಮುಂದೆ ನಿಲ್ಲುತ್ತಿದ್ದದ್ದು ನಿಮ್ಮ ಲಕೋಟೆಗಾಗಿ ಮಾತ್ರ. ಸುದ್ದಿಮನೆ ಬಿಟ್ಟ ಮೇಲೆ, ನನ್ನಿಂದ ಯಾರಿಗೋ ಏನೋ ಆಗಬೇಕಿದೆ ಎಂಬ ಭಾವನೆ ಉಳಿದಿದ್ದದ್ದು ಅದೊಂದರಲ್ಲಿ. ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ.

ನಿಮ್ಮ ಮ್ಯಾನೇಜರರು ಮಾಡಿದ್ದನ್ನೇ ನಾನೂ ಮಾಡಿದೆ. ತಿಳಿದುಕೊಳ್ಳುವ ಹಕ್ಕು ಇದ್ದವರಿಂದ ಮುಚ್ಚಿಟ್ಟೆ. ಅದೂ ಅದರ ಬಗ್ಗೆಯೇ ನಿಮಗೆ ಪಾಠ ಬರೆಯುತ್ತಾ. ನಿಮಗೆ ಕೊಡಲು ನನ್ನ ಹತ್ತಿರ ಪ್ರಮಾಣಪತ್ರವಿಲ್ಲ. ನೀವು ಮತ್ತೆ ಬರೆಯದಿದ್ದರೆ ಅದು ನ್ಯಾಯವೇ.

ಮೌಲ್ಯಮಾಪಕಿ ಎಂದು ಸಹಿ ಹಾಕಲು ಸಂಕೋಚವಾಗುತ್ತಿದೆ.

*

ನವೆಂಬರ್ 2, 1997

ಮೇಡಂ,

ನಿಮ್ಮ ಪತ್ರ ಬಂದು ಮೂರು ವಾರ ದಾಟಿತು. ಬೇಕೆಂದೇ ಉತ್ತರ ಬರೆಯಲಿಲ್ಲ. ಕೋಪ ಬಂದಿತ್ತು. ಎಲ್ಲರೂ ನನ್ನ ಮುಂದೆಯೇ ನನ್ನ ವಿಷಯ ಮುಚ್ಚಿಡುತ್ತಾರೆ ಎಂದು ಹೆಂಡತಿಯ ಹತ್ತಿರ ಹಾರಾಡಿದೆ. ಅವಳು ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಕೇಳಿದಳು: “ಆ ಮನುಷ್ಯ ಹೇಳದೆ ಕೆಲಸ ಕಿತ್ಕೊಂಡ. ಈಯಮ್ಮ ಹೇಳದೆ ಕೆಲಸ ಮಾಡಿದ್ರು. ಎರಡೂ ಒಂದೇನಾ?” ಮುಚ್ಚಿಟ್ಟದ್ದು ತಪ್ಪು, ಅದನ್ನು ಬಿಟ್ಟುಕೊಡುವುದಿಲ್ಲ. ಆದರೆ ಎರಡೂ ಒಂದೇ ಅಲ್ಲ.

ಮುದ್ರಣಾಲಯದ ಯಜಮಾನರು “ಸರ್ಟಿಫಿಕೇಟ್ ಎಲ್ರೀ?” ಎಂದರು. “ಇಲ್ಲ ಸಾರ್, ಕೋರ್ಸು ಮುಗಿಯೋಕೆ ಮುಂಚೆ ಸಂಸ್ಥೆ ಮುಚ್ಚಿಹೋಯ್ತು” ಎಂದೆ. “ಮತ್ತೆ ಕಲಿಸಿದ್ದು ಯಾರು?” “ಒಬ್ಬರು ಮೇಡಂ, ಪೋಸ್ಟಲ್ಲಿ.” ಒಂದು ಪುಟ ಕೊಟ್ಟು ಓದಿ ಎಂದರು. ಗಟ್ಟಿಯಾಗಿ ಓದಿದೆ. ಎರಡು ಕಡೆ ಪದ ಬಿಟ್ಟುಹೋಗಿರುವುದನ್ನು ತೋರಿಸಿದೆ. ನಾಳೆಯಿಂದ ಬನ್ನಿ ಎಂದಿದ್ದಾರೆ.

ಪ್ರೂಫ್ ರೂಮಿನವರಲ್ಲಿ ಮೂವರನ್ನು ಜಾಹೀರಾತು ವಿಭಾಗಕ್ಕೆ ತೆಗೆದುಕೊಂಡರು. ಎರಡು ತಿಂಗಳು ಮೊದಲೇ ಗೊತ್ತಾದದ್ದರಿಂದ ಇಬ್ಬರು ಬೇರೆ ಕಡೆ ನೋಡಿಕೊಂಡರು. ಅಲ್ಪವಿರಾಮದವರ ವಿಷಯ ಹೇಳಿದ್ದೇನೆ. ಒಬ್ಬರಿಗೆ ಮಾತ್ರ ಇನ್ನೂ ಏನೂ ಆಗಿಲ್ಲ.

ಮೊನ್ನೆ ನನ್ನ ಕೊನೆಯ ದಿನ. ಸಂಜೆ ಮ್ಯಾನೇಜರರು ಐದನೇ ಮಹಡಿಯಲ್ಲಿ ಹತ್ತಿದರು. ಇಬ್ಬರೇ. ಮೂರನೇ ಮಹಡಿ ದಾಟಿತು. ಆಮೇಲೆ ಬಾಗಿಲ ಕಡೆ ನೋಡುತ್ತಲೇ, “ನೀವು ಕೇಳಿದ ದಿನಾನೇ ನಾನು ಹೇಳಬೇಕಿತ್ತು. ಪಟ್ಟಿ ನನ್ನ ಜೇಬಲ್ಲೇ ಇತ್ತು. ಬಾಯಿ ಬರಲಿಲ್ಲ” ಎಂದರು.

“ಈಗ ಹೇಳಿದ್ರಲ್ಲ ಸಾರ್” ಎಂದೆ. ಕೆಳಗೆ ಬಂದಾಗ ಬಾಗಿಲು ತೆರೆಯಲು ಕೈ ಚಾಚಿದೆ. ಅವರೇ ತೆರೆದು, ಪಕ್ಕಕ್ಕೆ ನಿಂತು, “ನೀವು ಮೊದಲು” ಎಂದರು. ಇಪ್ಪತ್ತೊಂದು ವರ್ಷದಲ್ಲಿ ಆ ಲಿಫ್ಟಿನಿಂದ ಬೇರೆಯವರಿಗಿಂತ ಮೊದಲು ನಾನು ಇಳಿದದ್ದು ಅದೊಂದೇ ಸಲ. ಬೀದಿಗೆ ಬಂದ ಮೇಲೆ ನೆನಪಾಯಿತು. ಅವರು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದರು.

ಏಳನೇ ಪಾಠ ಕಳಿಸಿ ಮೇಡಂ. ಸಂಸ್ಥೆ ಇಲ್ಲ, ಅಂಕಕ್ಕೆ ಬೆಲೆಯಿಲ್ಲ, ಕೊನೆಯಲ್ಲಿ ಯಾರೂ ಏನೂ ಕೊಡುವುದಿಲ್ಲ. ಇದೆಲ್ಲ ಈಗ ಇಬ್ಬರಿಗೂ ಗೊತ್ತು. ಗೊತ್ತಿದ್ದೇ ಓದುತ್ತೇನೆ, ಗೊತ್ತಿದ್ದೇ ಕಲಿಸಿ.

ನಿಮ್ಮ ವಿದ್ಯಾರ್ಥಿ